ಜುಲೈ ತಿಂಗಳ ಹಸಿವು

ಪುಣೆಯ ಕಾಲೇಜುಗಳಲ್ಲಿ ಪ್ರವೇಶದ ಗದ್ದಲ ಜೂನ್‌ನಲ್ಲಿ ಶುರುವಾಗಿ ಆಗಸ್ಟ್‌ವರೆಗೂ ನಡೆಯುತ್ತದೆ. ಆ ದಿನಗಳಲ್ಲಿ ಕಲಬುರಗಿ, ಬೀದರ್, ವಿಜಯಪುರ, ಬೆಳಗಾವಿಯ ಬಸ್ಸು-ರೈಲುಗಳಿಂದ ಸ್ವಾರಗೇಟ್‌ನಲ್ಲೋ ಪುಣೆ ಸ್ಟೇಷನ್‌ನಲ್ಲೋ ಇಳಿಯುವ ಕನ್ನಡದ ಹುಡುಗ ಹುಡುಗಿಯರು ಬಹಳ. ಅಕ್ಕಲಕೋಟೆ, ಜತ್ತ, ದಕ್ಷಿಣ ಸೊಲ್ಲಾಪುರದ ಕನ್ನಡ ಹಳ್ಳಿಗಳಿಂದ ಬರುವವರೂ ಇದ್ದಾರೆ. ಫೀ ದುಡ್ಡನ್ನು ಮನೆಯವರು ಹೇಗೋ ಹೊಂದಿಸಿರುತ್ತಾರೆ. ಬಂಗಾರ ಅಡವಿಟ್ಟು, ಸೊಸೈಟಿಯಲ್ಲಿ ಸಾಲ ಎತ್ತಿ, ಮುಂದಿನ ತೊಗರಿ ಬೆಳೆಯ ಮೇಲೆ ಕೈಗಡ ತಂದು ಕಟ್ಟಿರುತ್ತಾರೆ. ಕಷ್ಟ ಶುರುವಾಗುವುದು ಫೀ ಕಟ್ಟಿದ ಮರುದಿನ. ಎಲ್ಲಿ ಮಲಗುವುದು, ಏನು ಉಣ್ಣುವುದು ಎಂಬ ಖರ್ಚು ಯಾವ ಕಾಲೇಜಿನ ಪಾವತಿಯಲ್ಲೂ ಬರೆದಿರುವುದಿಲ್ಲ.

ಬಡ ವಿದ್ಯಾರ್ಥಿಗೆ ಸಹಾಯವೇ ಇಲ್ಲ ಎನ್ನುವ ಮಾತು ನಿಜವಲ್ಲ. ಸರಕಾರದ ಯೋಜನೆಗಳಿವೆ, ಟ್ರಸ್ಟುಗಳಿವೆ, ನಮ್ಮವೇ ಕನ್ನಡ ಸಂಘಗಳಿವೆ. ಆದರೆ ಆ ಹಣ ಕೈಗೆ ಬರುವ ಹೊತ್ತಿಗೆ ವರ್ಷ ಮುಗಿಯುತ್ತ ಬಂದಿರುತ್ತದೆ. ಅರ್ಜಿ, ಕಾಲೇಜಿನ ಪರಿಶೀಲನೆ, ಜಿಲ್ಲಾ ಕಚೇರಿಯ ಮಂಜೂರಾತಿ, ಖಜಾನೆ, ಬ್ಯಾಂಕು ಎಲ್ಲ ದಾಟಿ ಖಾತೆಗೆ ಜಮಾ ಆಗುವಷ್ಟರಲ್ಲಿ ಎರಡನೆಯ ಸೆಮಿಸ್ಟರ್ ನಡೆದಿರುತ್ತದೆ. ಸಂಘಗಳ ವಿದ್ಯಾರ್ಥಿವೇತನವೂ ವಾರ್ಷಿಕೋತ್ಸವದ ವೇದಿಕೆಯನ್ನು ಕಾಯುತ್ತದೆ. ಹಸಿವು ಮಾತ್ರ ಜುಲೈಯಲ್ಲೇ ಬಂದು ಕೂತಿರುತ್ತದೆ. ಓದು ಬಿಟ್ಟು ಊರಿಗೆ ಮರಳುವವರಲ್ಲಿ ಅನೇಕರು ಹೋಗುವುದು ಈ ಮೊದಲ ಎರಡು ತಿಂಗಳಲ್ಲಿ. ನಮ್ಮ ಶಕ್ತಿಯೆಲ್ಲ ಅಲ್ಲಿಗೆ ಹೋಗಬೇಕು.

ಕಾಟ್ ಬೇಸಿಸ್‌ನಲ್ಲಿ, ಅಂದರೆ ಒಂದೇ ಕೋಣೆಯಲ್ಲಿ ನಾಲ್ಕೈದು ಮಂಚ ಹಾಕಿ ಮಂಚದ ಲೆಕ್ಕದಲ್ಲಿ ಬಾಡಿಗೆ ಕೊಡುವ ಕಡೆ, ತಿಂಗಳಿಗೆ 5,000 ರೂಪಾಯಿ ಎಂದಿಟ್ಟುಕೊಳ್ಳೋಣ. ಡಿಪಾಸಿಟ್ಟು 10,000. ಮೆಸ್ಸಿನ ಮುಂಗಡ 3,500. ಗಾದಿ, ಬಕೆಟ್ಟು, ಬೀಗ, ಬಸ್ ಪಾಸು, ಜೆರಾಕ್ಸು, ಅಫಿಡವಿಟ್ಟು ಸೇರಿ 3,000. ಮೊದಲ ವಾರದಲ್ಲೇ 21,500 ಹೊರಗೆ ಹೋಯಿತು. ಬಾಡಿಗೆ ಪೇಠದಿಂದ ಪೇಠಕ್ಕೆ ಬದಲಾಗುತ್ತದೆ. ಸದಾಶಿವ ಪೇಠ, ನಾರಾಯಣ ಪೇಠಗಳಲ್ಲಿ ಸ್ಪರ್ಧಾತ್ಮಕ ಪರೀಕ್ಷೆಗೆ ಓದುವವರ ಗರ್ದಿ ಇರುವುದರಿಂದ ಮಂಚ ಸಿಗುವುದೇ ಕಷ್ಟ. ಆದರೆ ಲೆಕ್ಕದ ಸ್ವರೂಪ ಎಲ್ಲ ಕಡೆಯೂ ಒಂದೇ. ಈ 21,500ರಲ್ಲಿ ಸುಮಾರು ಅರ್ಧ, ಅಂದರೆ ಆ 10,000, ಖರ್ಚೇ ಅಲ್ಲ. ಅದು ಮನೆಮಾಲಕನ ಹತ್ತಿರ ಕೂತಿರುವ, ಮೇ ತಿಂಗಳಲ್ಲಿ ಹಿಂದಿರುಗಬೇಕಾದ ಹಣ. ಇದು ಮನಸ್ಸಿಗೆ ಬಂದರೆ ಸಹಾಯ ಮಾಡುವ ರೀತಿಯೇ ಬದಲಾಗುತ್ತದೆ.

ಪರಸ್ಥಳದಿಂದ ಓದಲು ಬಂದವರಿಗೆ ಅನ್ನ, ಆಸರೆ ಕೊಡುವುದು ಪುಣೆಗೆ ಹೊಸದಲ್ಲ. ವಾರಕ್ಕೆ ಏಳು ಮನೆ ಗೊತ್ತುಮಾಡಿಕೊಂಡು ದಿನಕ್ಕೊಂದು ಮನೆಯಲ್ಲಿ ಉಣ್ಣುವ ವಾರಾನ್ನ ನಮ್ಮ ಧಾರವಾಡದಲ್ಲೂ ಇತ್ತು, ಇಲ್ಲಿಯೂ ಇತ್ತು. ಆದರೆ ಅದು ಜಾತಿಯ ಹೊಸ್ತಿಲು ದಾಟಿದ್ದು ಅಪರೂಪ. 1909ರಲ್ಲಿ ಇಲ್ಲಿ ಅನಾಥ ವಿದ್ಯಾರ್ಥಿ ಗೃಹ ಹುಟ್ಟಿತು. ಈಗ ಅದರ ಹೆಸರು ಪುಣೆ ವಿದ್ಯಾರ್ಥಿ ಗೃಹ. ಕರ್ಮವೀರ ಭಾವೂರಾವ್ ಪಾಟೀಲರು 1919ರಲ್ಲಿ ರಯತ ಶಿಕ್ಷಣ ಸಂಸ್ಥೆ ಕಟ್ಟಿ, ದುಡಿದು ಓದುವ ಪದ್ಧತಿಯನ್ನು ಹಳ್ಳಿಯ ಎಲ್ಲ ಜಾತಿಯ ಮಕ್ಕಳಿಗೂ ತೆರೆದರು. ಪುಣೆ ವಿದ್ಯಾಪೀಠದ ‘ಕಮವಾ ಆಣಿ ಶಿಕಾ’ (ದುಡಿಯಿರಿ, ಕಲಿಯಿರಿ) ಯೋಜನೆ ಇಂದಿಗೂ ಅವರ ಹೆಸರಿನಲ್ಲೇ ನಡೆಯುತ್ತಿದೆ. ಅಚ್ಯುತರಾವ್ ಆಪಟೆಯವರು 1955ರಲ್ಲಿ ಆರಂಭಿಸಿದ ವಿದ್ಯಾರ್ಥಿ ಸಹಾಯಕ ಸಮಿತಿ ಗ್ರಾಮೀಣ ಬಡ ವಿದ್ಯಾರ್ಥಿಗಳಿಗಾಗಿ ವಸತಿಗೃಹಗಳನ್ನು ನಡೆಸುತ್ತಿದೆ. ಮುಂಬಯಿಯಲ್ಲಿ ಕರಾವಳಿಯ ಹುಡುಗರು ಹಗಲು ಉಡುಪಿ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಓದಿ, ಹೋಟೆಲಿನ ಅಟ್ಟದಲ್ಲೇ ಮಲಗುತ್ತಿದ್ದರು. ಊಟ, ಸೂರು, ಸಂಬಳ ಮೂರೂ ಒಂದೇ ಕಡೆ ಸಿಗುತ್ತಿದ್ದವು. ಇಂದಿನ ವಿದ್ಯಾರ್ಥಿ ಆ ಮೂರನ್ನೂ ಮೂರು ಕಡೆ ಹುಡುಕಬೇಕಾಗಿದೆ. ಕಾಲೇಜಿನ ಹಾಜರಾತಿ ಹಗಲಿನ ದುಡಿಮೆಗೆ ಬಿಡುವುದೂ ಇಲ್ಲ.

ಡಿಪಾಸಿಟ್ಟಿನ ಮಾತಿಗೆ ಬರುತ್ತೇನೆ. ಒಂದು ಸಂಘ 2 ಲಕ್ಷ ರೂಪಾಯಿ ತೆಗೆದಿಟ್ಟರೆ 20 ವಿದ್ಯಾರ್ಥಿಗಳಿಗೆ ತಲಾ 10,000ದ ಡಿಪಾಸಿಟ್ಟು ಕಟ್ಟಬಹುದು. ಅದೇ ಹಣವನ್ನು ವಿದ್ಯಾರ್ಥಿವೇತನವೆಂದು ಹಂಚಿದರೆ ಒಂದೇ ವರ್ಷಕ್ಕೆ ಮುಗಿಯುತ್ತದೆ. ಡಿಪಾಸಿಟ್ಟಿಗೆ ಕೊಟ್ಟರೆ ಮೇ ತಿಂಗಳಲ್ಲಿ ಮರಳಿ ಬಂದು ಜೂನ್‌ನಲ್ಲಿ ಇನ್ನಿಪ್ಪತ್ತು ಮಂದಿಗೆ ಒದಗುತ್ತದೆ. ಕಾಗದದ ಮೇಲೆ ಇಷ್ಟು ಸುಲಭ. ಹಾಳಾಗುವುದು ವಾಪಸು ಬರುವ ದಾರಿಯಲ್ಲಿ. ಕೊನೆಯ ತಿಂಗಳ ಬಾಡಿಗೆಯನ್ನು ಡಿಪಾಸಿಟ್ಟಿನಲ್ಲಿ ಮುರಿದುಕೊಳ್ಳಿ ಎಂದು ಹುಡುಗರು ಹೇಳುತ್ತಾರೆ, ಮಾಲಕರೂ ಒಪ್ಪುತ್ತಾರೆ. ಪರೀಕ್ಷೆ ಮುಗಿದ ರಾತ್ರಿಯೇ ಹುಡುಗ ಊರಿಗೆ ಹೊರಡುತ್ತಾನೆ, ಲೆಕ್ಕ ಹಾಗೇ ಉಳಿಯುತ್ತದೆ. ಬಣ್ಣ ಬಳಿಸಬೇಕು, ನಲ್ಲಿ ಮುರಿದಿದೆ ಎಂದು ಮಾಲಕರು ಅರ್ಧ ಹಿಡಿಯುತ್ತಾರೆ. ಆದ್ದರಿಂದ ಹಣವನ್ನು ವಿದ್ಯಾರ್ಥಿಯ ಕೈಗೆ ಕೊಡದೆ ನೇರ ಮಾಲಕರ ಖಾತೆಗೆ ಹಾಕಬೇಕು. ಮರಳಿಸುವಾಗ ಸಂಘದ ಖಾತೆಗೇ ಮರಳಿಸತಕ್ಕದ್ದು ಎಂಬ ಸಾಲು ಕರಾರುಪತ್ರದಲ್ಲಿ ಇರಬೇಕು. ಕೋಣೆಗೆ ಹೋದ ದಿನವೇ ಗೋಡೆ, ನಲ್ಲಿ, ಫ್ಯಾನು, ಕಿಟಕಿಯ ಫೋಟೋ ತೆಗೆದು ಮಾಲಕರಿಗೆ ವಾಟ್ಸಾಪ್ ಮಾಡಿಟ್ಟರೆ ಬಣ್ಣದ ಜಗಳದ ಮುಕ್ಕಾಲು ಪಾಲು ಅಲ್ಲೇ ಮುಗಿಯುತ್ತದೆ. ಬಿಡುವ ಒಂದು ತಿಂಗಳು ಮೊದಲು ವಿದ್ಯಾರ್ಥಿಯೂ ಸಂಘದವರೂ ಸೇರಿ ಬರಹದಲ್ಲಿ ನೋಟಿಸು ಕೊಡಬೇಕು. ಇಷ್ಟಾದರೂ ಸ್ವಲ್ಪ ಹಣ ಮುಳುಗುತ್ತದೆ. ಅದನ್ನು ಮೊದಲೇ ಒಪ್ಪಿಕೊಂಡು, ವರ್ಷಕ್ಕಿಷ್ಟು ಎಂದು ದಾನಿಗಳಿಂದ ತುಂಬಿಸಿಕೊಳ್ಳುವುದೇ ಸರಿ. ಮುಳುಗಿದ ಹತ್ತು ಸಾವಿರಕ್ಕಾಗಿ ಬಡ ತಂದೆಗೆ ಫೋನು ಮಾಡಿ ಪೀಡಿಸುವ ನಿಧಿ ಇರುವುದಕ್ಕಿಂತ ಇಲ್ಲದಿರುವುದು ಒಳ್ಳೆಯದು.

ಕರಾರುಪತ್ರದ ಬಗ್ಗೆ ಒಂದು ತಪ್ಪು ತಿಳಿವಳಿಕೆ ಬೇರೂರಿದೆ. ಹನ್ನೊಂದು ತಿಂಗಳ ಕರಾರಾದರೆ ನೋಂದಣಿ ಬೇಡ ಎಂದು ಏಜೆಂಟರು ಹೇಳುತ್ತಾರೆ. ಮಹಾರಾಷ್ಟ್ರದಲ್ಲಿ ಅದು ಸುಳ್ಳು. ಇಲ್ಲಿನ 1999ರ ಬಾಡಿಗೆ ನಿಯಂತ್ರಣ ಕಾಯ್ದೆಯ 55ನೇ ಕಲಮಿನ ಪ್ರಕಾರ ಲೀವ್ ಅಂಡ್ ಲೈಸೆನ್ಸ್ ಎಂಬ ಬಾಡಿಗೆ ಕರಾರು ಬರಹದಲ್ಲಿರಬೇಕು, ಅವಧಿ ಎಷ್ಟೇ ಇರಲಿ ನೋಂದಣಿಯಾಗಬೇಕು. ಮಾಡಿಸುವ ಹೊಣೆ ಮಾಲಕನದು. ಮಾಡಿಸದಿದ್ದರೆ ಮೂರು ತಿಂಗಳವರೆಗೆ ಸಜೆ ಅಥವಾ 5,000 ರೂಪಾಯಿವರೆಗೆ ದಂಡ, ಇಲ್ಲವೆ ಎರಡೂ. ಅದಕ್ಕಿಂತ ಮುಖ್ಯವಾದ ಮಾತೆಂದರೆ, ನೋಂದಣಿಯಾದ ಕರಾರು ಇಲ್ಲದಿದ್ದಾಗ ಬೇರೆ ಸಾಬೀತಾಗುವವರೆಗೆ ಷರತ್ತುಗಳ ಬಗ್ಗೆ ಬಾಡಿಗೆದಾರ ಹೇಳಿದ್ದೇ ನಿಲ್ಲುತ್ತದೆ. ಡಿಪಾಸಿಟ್ಟು ಕೊಡಲು ಸತಾಯಿಸುವ ಮಾಲಕನಿಗೆ ಈ ಕಲಮನ್ನು ಸಮಾಧಾನದಿಂದ ಓದಿ ಹೇಳಿದರೆ ಹಲವು ಸಲ ಮಾತು ಅಲ್ಲಿಗೇ ಇತ್ಯರ್ಥವಾಗುತ್ತದೆ.

ನೋಂದಣಿಗೆ ಬಹಳ ಖರ್ಚಾಗುತ್ತದೆ ಎಂಬ ಭಯವೂ ಬೇಡ. ಮುದ್ರಾಂಕ ಶುಲ್ಕ ಶೇಕಡಾ 0.25. ಮೂವರು ಸೇರಿ ತಿಂಗಳಿಗೆ 18,000ದ ಕೋಣೆ ಹಿಡಿದರೆ ಹನ್ನೊಂದು ತಿಂಗಳ ಬಾಡಿಗೆ 1,98,000 ಆಯಿತು. ಡಿಪಾಸಿಟ್ಟು 50,000 ಇದ್ದರೆ ಅದರ ಮೇಲೆ ವರ್ಷಕ್ಕೆ ಶೇಕಡಾ 10ರಂತೆ ಬಡ್ಡಿ ಹಿಡಿದು ಅದಕ್ಕೆ ಕೂಡಿಸುತ್ತಾರೆ. ಎಲ್ಲ ಸೇರಿ ಶುಲ್ಕ 500 ರೂಪಾಯಿಯ ಆಸುಪಾಸು. ನಗರ ವ್ಯಾಪ್ತಿಯಲ್ಲಿ ನೋಂದಣಿ ಶುಲ್ಕ 1,000. ಅದರ ಮೇಲೆ ದಾಖಲೆ ನಿರ್ವಹಣೆಯ ಚಿಕ್ಕ ಶುಲ್ಕ, ಬೆರಳಚ್ಚು ತೆಗೆಯುವವನ ಕೂಲಿ. ಮೂವರಿಗೆ ಹಂಚಿದರೆ ಭಾರವಾಗದು. ಮೂವರ ಹೆಸರೂ ಕರಾರಿನಲ್ಲಿರಲಿ. ಒಬ್ಬನ ಹೆಸರು ಹಾಕಿ ಉಳಿದವರನ್ನು ಬಾಯಿಮಾತಿನಲ್ಲಿ ಸೇರಿಸಿಕೊಂಡರೆ, ಹೆಸರಿದ್ದವನು ಓದು ಬಿಟ್ಟು ಹೋದ ದಿನ ಉಳಿದಿಬ್ಬರೂ ಬೀದಿಗೆ ಬೀಳುತ್ತಾರೆ. ಹದಿನೆಂಟು ತುಂಬದವರ ಪರವಾಗಿ ತಂದೆ ಅಥವಾ ತಾಯಿ ಸಹಿ ಮಾಡಬೇಕಾಗುತ್ತದೆ. ಪ್ರವೇಶಕ್ಕೆಂದು ಜೊತೆಗೆ ಬಂದವರು ಊರಿಗೆ ಮರಳುವ ಮೊದಲೇ ಆ ಕೆಲಸ ಮುಗಿಸಿಕೊಳ್ಳಿ.

ಇನ್ನು ಊಟ. ಪುಣೆಯ ಮೆಸ್ಸಿನ ಪದ್ಧತಿ ಗೊತ್ತಿಲ್ಲದೆ ಯಾವ ನೆರವಿನ ಲೆಕ್ಕವೂ ಕೂಡುವುದಿಲ್ಲ. ತಿಂಗಳ ಮುಂಗಡ ಕಟ್ಟಿದರೆ ದಿನಕ್ಕೆ ಎರಡು ಊಟ. ಭಾನುವಾರ ಮಧ್ಯಾಹ್ನ ಸಿಹಿಯೂಟ, ಭಾನುವಾರ ರಾತ್ರಿ ಬಹುತೇಕ ಕಡೆ ಬಾಗಿಲು ಮುಚ್ಚಿರುತ್ತದೆ. ಬೆಳಗಿನ ತಿಂಡಿ ಇದರಲ್ಲಿ ಸೇರಿರುವುದಿಲ್ಲ. ಅಂದರೆ ದುಡ್ಡು ಕಟ್ಟಿಯೂ ವಾರಕ್ಕೆ ಏಳು ಬೆಳಗು, ಒಂದು ರಾತ್ರಿ ಖಾಲಿ. ಊರಿಗೆ ಹೋದ ದಿನಗಳ ಹಣ ಮುರಿದುಕೊಳ್ಳುವುದಕ್ಕೆ ಇಲ್ಲಿ ಖಾಡಾ ಎನ್ನುತ್ತಾರೆ. ಮೊದಲೇ ತಿಳಿಸಿರಬೇಕು, ಸತತ ಇಷ್ಟು ದಿನ ಬರದಿದ್ದರೆ ಮಾತ್ರ ಎಂಬ ನಿಯಮವಿರುತ್ತದೆ. ಪ್ರಾಕ್ಟಿಕಲ್ ಮುಗಿಸಿ ಮೂರು ಗಂಟೆಗೆ ಹೋದರೆ ಪಲ್ಯ ತಳ ಕಂಡಿರುತ್ತದೆ, ಸಾರು ತೆಳ್ಳಗಾಗಿರುತ್ತದೆ. ಅಂಥ ವಿದ್ಯಾರ್ಥಿಗೆ ಮೆಸ್ಸಿಗಿಂತ ಡಬ್ಬಿಯೇ ಮೇಲು.

ಒಂದು ಡಬ್ಬಿ ತರಿಸಿ ಇಬ್ಬರು ಉಣ್ಣುವುದು ಇಲ್ಲಿ ಎಲ್ಲರಿಗೂ ಗೊತ್ತಿರುವ, ಯಾರೂ ಬಾಯಿಬಿಟ್ಟು ಹೇಳದ ಸಂಗತಿ. ನಾಲ್ಕು ಚಪಾತಿ ಎರಡೆರಡಾಗುತ್ತವೆ. ಹೊಟ್ಟೆ ಹೇಗೋ ತುಂಬಿದಂತಾದರೂ ಬೇಳೆಯ ಪಾಲು ತೀರ ಕಡಿಮೆಯಾಗಿ, ಕೆಲವೇ ತಿಂಗಳಲ್ಲಿ ಸುಸ್ತು, ಪದೇಪದೇ ಜ್ವರ ಶುರು. ಕಡಿಮೆ ದುಡ್ಡಿನಲ್ಲಿ ಅದನ್ನು ಸರಿಪಡಿಸುವ ದಾರಿ ನಮ್ಮ ಕಡೆಯವರ ಚೀಲದಲ್ಲೇ ಇದೆ. ದಿನಕ್ಕೆ 50 ಗ್ರಾಂ ಶೇಂಗಾದಿಂದ 12 ಗ್ರಾಂನಷ್ಟು ಪ್ರೋಟೀನು ಸಿಗುತ್ತದೆ. ನೆನೆಸಿದ ಕಡಲೆ, ಬಾಳೆಹಣ್ಣು, ತಿನ್ನುವವರಿಗೆ ಬೇಯಿಸಿದ ಮೊಟ್ಟೆ ಸೇರಿದರೆ ಬೆಳಗಿನ ಹೊತ್ತು ದಾಟುತ್ತದೆ. ಊರಿನಿಂದ ಬರುವ ಖಡಕ್ ರೊಟ್ಟಿ, ಶೇಂಗಾ ಚಟ್ನಿ, ಅಗಸಿ ಚಟ್ನಿ ಬೇಸಿಗೆಯಲ್ಲಿ ವಾರಗಟ್ಟಲೆ ನಿಲ್ಲುತ್ತವೆ. ಆದರೆ ಪುಣೆಯ ಮಳೆಗಾಲದ ತೇವಕ್ಕೆ ಬಟ್ಟೆಯಲ್ಲಿ ಸುತ್ತಿಟ್ಟ ರೊಟ್ಟಿ ಮೆತ್ತಗಾಗಿ ಬೂಸಲು ಹಿಡಿಯುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬಿ ಬೇಕೇ ಬೇಕು. ವಾರಕ್ಕೊಮ್ಮೆ ಬಿಸಿಲು ಬಿದ್ದಾಗ ಒಣಗಿಸಬೇಕು, ಚಟ್ನಿಗೆ ಒದ್ದೆ ಚಮಚ ತಾಗಿಸಬಾರದು.

ಮಹಾರಾಷ್ಟ್ರ ಸರಕಾರದ ಶಿವಭೋಜನ ಥಾಳಿ 2020ರ ಜನವರಿ 26ರಂದು ಶುರುವಾಯಿತು. 10 ರೂಪಾಯಿಗೆ 30 ಗ್ರಾಂನ ಎರಡು ಚಪಾತಿ, 100 ಗ್ರಾಂ ಪಲ್ಯ, 150 ಗ್ರಾಂ ಅನ್ನ, 100 ಗ್ರಾಂ ಬೇಳೆ. ಸಿಗುವುದು ಮಧ್ಯಾಹ್ನ ಮಾತ್ರ. ಕೇಂದ್ರಕ್ಕೆ ದಿನಕ್ಕಿಷ್ಟೇ ತಟ್ಟೆ ಎಂದು ಗೊತ್ತುಮಾಡಿರುತ್ತಾರೆ. ಹತ್ತಿರದ ಕೇಂದ್ರ ಈಗ ನಡೆಯುತ್ತಿದೆಯೇ ಎಂದು ಹೋಗಿ ನೋಡಿಕೊಂಡೇ ಮೆಸ್ಸಿನ ಲೆಕ್ಕ ಹಾಕಿ.

ಬಹಳ ಮಂದಿಗೆ ಹೊಳೆಯದ ಇನ್ನೊಂದು ದಾರಿ ರೇಷನ್ ಕಾರ್ಡು. ‘ಒಂದು ದೇಶ ಒಂದು ರೇಷನ್ ಕಾರ್ಡ್’ ವ್ಯವಸ್ಥೆಯಲ್ಲಿ ಕರ್ನಾಟಕ, ಮಹಾರಾಷ್ಟ್ರ ಎರಡೂ 2020ರ ಜನವರಿಯಿಂದ ಇವೆ. ಊರಿನ ಬಿಪಿಎಲ್ ಕಾರ್ಡಿನಲ್ಲಿ ಹೆಸರಿರುವ ವಿದ್ಯಾರ್ಥಿ ತನ್ನ ಪಾಲಿನ 5 ಕೆಜಿ ಧಾನ್ಯವನ್ನು ಪುಣೆಯ ಯಾವುದೇ ನ್ಯಾಯಬೆಲೆ ಅಂಗಡಿಯಲ್ಲಿ ಬೆರಳಚ್ಚು ಕೊಟ್ಟು ಉಚಿತವಾಗಿ ಎತ್ತಬಹುದು. ಕಾರ್ಡಿನ ಸಂಖ್ಯೆ ಅಥವಾ ಆಧಾರ್ ಸಂಖ್ಯೆ ಸಾಕು, ಕಾರ್ಡನ್ನು ಹೊತ್ತು ತರಬೇಕಿಲ್ಲ. ಎಡವಟ್ಟಾಗುವುದು ಎರಡು ಕಡೆ. ವಿದ್ಯಾರ್ಥಿಯ ಆಧಾರ್ ರೇಷನ್ ಕಾರ್ಡಿಗೆ ಜೋಡಣೆಯಾಗಿರದಿದ್ದರೆ, ಇ-ಕೆವೈಸಿ ಆಗಿರದಿದ್ದರೆ ಯಂತ್ರ ಒಪ್ಪುವುದಿಲ್ಲ. ಊರಿನವರು ಆ ತಿಂಗಳ ಧಾನ್ಯವನ್ನೆಲ್ಲ ಮೊದಲೇ ಎತ್ತಿದ್ದರೆ ಇಲ್ಲಿ ಏನೂ ಉಳಿದಿರುವುದಿಲ್ಲ. ಮನೆಯವರಿಗೆ ಹೇಳಿ ಒಬ್ಬನ ಪಾಲು ಬಿಡಿಸಿಟ್ಟರೆ ಕೆಲಸ ಆಯಿತು. ಕರ್ನಾಟಕ ತನ್ನ ಲೆಕ್ಕದಲ್ಲಿ ಕೊಡುವ ಹೆಚ್ಚುವರಿ ಧಾನ್ಯ ಇಲ್ಲಿ ಸಿಗದು. ಐದು ಕೆಜಿ ಅಂದರೆ ದಿನಕ್ಕೆ 165 ಗ್ರಾಂ, ಒಬ್ಬನ ಒಂದು ಹೊತ್ತಿನ ಗಟ್ಟಿ ಊಟ. ಮೂವರು ಸೇರಿ ಅಡುಗೆ ಮಾಡಿಕೊಂಡರೆ ರಾತ್ರಿಯ ಮೆಸ್ಸನ್ನೇ ಬಿಡಬಹುದು. ಒಲೆಗೆ 5 ಕೆಜಿಯ ಚಿಕ್ಕ ಸಿಲಿಂಡರನ್ನು ವಿಳಾಸದ ದಾಖಲೆ ಇಲ್ಲದೆ ಬರೀ ಗುರುತಿನ ಚೀಟಿ ತೋರಿಸಿ ಕೊಳ್ಳಬಹುದು. ಕಾಟ್ ಬೇಸಿಸ್‌ನವರಿಗೆ ಅಡುಗೆಯ ಅನುಮತಿ ಇರುವುದು ಕಡಿಮೆ. ಕದ್ದು ಇಂಡಕ್ಷನ್ ಒಲೆ ಹಚ್ಚಬೇಡಿ. 2,000 ವ್ಯಾಟಿನ ಒಲೆಯನ್ನು ಹಳೆಯ ವಾಡೆಯ ವೈರಿಂಗ್ ತಾಳುವುದಿಲ್ಲ.

ಈಗ ಅತಿ ತೊಡಕಿನ ವಿಷಯ. ಯಾರಿಗೆ ಯಾವ ಸರಕಾರ ಕೊಡುತ್ತದೆ? ಅಕ್ಕಲಕೋಟೆ, ಆಳಂದ ಪಕ್ಕಪಕ್ಕದ ತಾಲೂಕುಗಳು. ಮಾತು ಅದೇ, ರೊಟ್ಟಿ ಅದೇ, ನೆಂಟಸ್ತಿಕೆಯೂ ಅದೇ. ಆದರೆ ಪುಣೆಯ ಒಂದೇ ಕೋಣೆಯಲ್ಲಿ ಮಲಗುವ ಈ ಎರಡು ಊರಿನ ಹುಡುಗರ ಅರ್ಜಿಗಳು ಬೇರೆ ಬೇರೆ ಬಾಗಿಲಿಗೆ ಹೋಗಬೇಕು. ಅಕ್ಕಲಕೋಟೆಯವನು ಮಹಾರಾಷ್ಟ್ರದ ನಿವಾಸಿ. ಪರಿಶಿಷ್ಟ ಜಾತಿ ಅಥವಾ ನವಬೌದ್ಧನಾಗಿದ್ದು ಸರಕಾರಿ ಹಾಸ್ಟೆಲ್ ಸಿಗದಿದ್ದರೆ ಅವನಿಗೆ ಸ್ವಾಧಾರ ಯೋಜನೆ ಇದೆ. ಪುಣೆ, ಮುಂಬಯಿಯಂಥ ನಗರಗಳಲ್ಲಿ ವರ್ಷಕ್ಕೆ ಊಟಕ್ಕೆ 32,000, ವಾಸಕ್ಕೆ 20,000, ನಿರ್ವಾಹಕ್ಕೆ 8,000, ಒಟ್ಟು 60,000. ಕುಟುಂಬದ ಆದಾಯ ಎರಡೂವರೆ ಲಕ್ಷ ಮೀರಬಾರದು. ಪರಿಶಿಷ್ಟ ಪಂಗಡದವರಿಗೆ ಸ್ವಯಂ ಯೋಜನೆ, ಹಿಂದುಳಿದ ವರ್ಗದವರಿಗೆ ಜ್ಞಾನಜ್ಯೋತಿ ಸಾವಿತ್ರಿಬಾಯಿ ಫುಲೆ ಆಧಾರ ಯೋಜನೆ ಇದೇ ಬಗೆಯವು. ಚಿಕ್ಕ ಹಿಡುವಳಿದಾರರ, ನೋಂದಾಯಿತ ಕಾರ್ಮಿಕರ ಮಕ್ಕಳಿಗೆ ಪಂಜಾಬರಾವ್ ದೇಶಮುಖ್ ವಸತಿಗೃಹ ನಿರ್ವಾಹ ಭತ್ಯೆ ಇದೆ. ವೃತ್ತಿಪರ ಕೋರ್ಸು ಸೇರುವ ಹೆಣ್ಣುಮಕ್ಕಳಿಗೆ, ಕುಟುಂಬದ ಆದಾಯ 8 ಲಕ್ಷದೊಳಗಿದ್ದರೆ, 2024-25ರಿಂದ ಬೋಧನಾ ಶುಲ್ಕ ಮಾಫಿ. ಹಿಂದುಳಿದ ವರ್ಗ, ಎಸ್‌ಇಬಿಸಿ (ಸಾಮಾಜಿಕವಾಗಿ, ಶೈಕ್ಷಣಿಕವಾಗಿ ಹಿಂದುಳಿದವರು), ಆರ್ಥಿಕವಾಗಿ ದುರ್ಬಲರು ಇದರಲ್ಲಿ ಬರುತ್ತಾರೆ.

ಆಳಂದದವನಿಗೆ ಇವು ಯಾವುವೂ ಇಲ್ಲ. ಕರ್ನಾಟಕದ 2ಎ, 3ಬಿ ಎಂಬ ವಿಂಗಡಣೆ ಇಲ್ಲಿ ನಡೆಯುವುದಿಲ್ಲ. ಪರಿಶಿಷ್ಟ ಜಾತಿಯವರ ಮೆಟ್ರಿಕ್ ನಂತರದ ಕೇಂದ್ರ ವಿದ್ಯಾರ್ಥಿವೇತನವನ್ನು ಎಲ್ಲಿ ಓದಿದರೂ ತವರು ರಾಜ್ಯವೇ ಕೊಡಬೇಕು. ಹಾಗಾಗಿ ಅವನು ಕರ್ನಾಟಕದ ಎಸ್‌ಎಸ್‌ಪಿ (ರಾಜ್ಯ ವಿದ್ಯಾರ್ಥಿವೇತನ) ಪೋರ್ಟಲಿನತ್ತ ಹೋಗಬೇಕು. ಅಲ್ಲಿ ಜಾತಿ, ಆದಾಯ ಪತ್ರಗಳ ಮೇಲೆ ಅಚ್ಚಾಗಿರುವ ಆರ್‌ಡಿ ಸಂಖ್ಯೆ ಕೇಳುತ್ತಾರೆ. ಊರು ಬಿಡುವ ಮೊದಲು ನಾಡಕಚೇರಿಯಲ್ಲಿ ಅವನ್ನು ಮಾಡಿಸಿಕೊಂಡು ಬರಬೇಕು. ಪುಣೆಯ ಕಾಲೇಜಿನ ಗುಮಾಸ್ತರಿಗೆ ಹೊರರಾಜ್ಯದ ಅರ್ಜಿಯನ್ನು ದೃಢೀಕರಿಸುವ ರೂಢಿ ಇರುವುದಿಲ್ಲ. ಅವರ ಪಕ್ಕ ಕೂತು ತೋರಿಸಿಕೊಡುವ ಮರಾಠಿ ಬಲ್ಲ ಹಿರಿಯರೊಬ್ಬರು ಬೇಕು. ಪಿಯುಸಿಯಲ್ಲಿ ತನ್ನ ಬೋರ್ಡಿನ ಮೇಲಿನ ಶೇಕಡಾ 20ರೊಳಗೆ ಬಂದವರು, ಆದಾಯ ನಾಲ್ಕೂವರೆ ಲಕ್ಷದೊಳಗಿದ್ದರೆ, ರಾಷ್ಟ್ರೀಯ ವಿದ್ಯಾರ್ಥಿವೇತನ ಪೋರ್ಟಲಿನಲ್ಲಿ ಕೇಂದ್ರೀಯ ವಲಯದ ಯೋಜನೆಗೆ ಅರ್ಜಿ ಹಾಕಬಹುದು. ಪದವಿಗೆ ವರ್ಷಕ್ಕೆ 12,000. ಇದಕ್ಕೆ ಜಾತಿಯ ಅಡ್ಡಿಯಿಲ್ಲ.

ಅರ್ಜಿಗಳು ಬೀಳುವುದು ಹೆಚ್ಚಾಗಿ ಹೆಸರಿನಿಂದ. ನಮ್ಮ ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹೆಸರು, ಒಂದು ಇನಿಷಿಯಲ್ಲು. ಮಹಾರಾಷ್ಟ್ರದ ನಮೂನೆಗೆ ಮೊದಲು ಅಡ್ಡಹೆಸರು, ಆಮೇಲೆ ಹೆಸರು, ಆಮೇಲೆ ತಂದೆಯ ಹೆಸರು. ಆಧಾರ್‌ನಲ್ಲಿ ಮೂರನೆಯದೇ ಒಂದು ರೂಪ. ಕಾಲೇಜು ಸೇರುವ ದಿನವೇ ಅಂಕಪಟ್ಟಿಯ ರೂಪವನ್ನೇ ಎಲ್ಲ ಕಡೆ ಬರೆಯಿಸಿ, ಆಧಾರ್ ಅದಕ್ಕೆ ಹೊಂದದಿದ್ದರೆ ಜುಲೈಯಲ್ಲೇ ತಿದ್ದಿಸಿಕೊಳ್ಳಬೇಕು. ಇನ್ನೊಂದು ಬ್ಯಾಂಕಿನದು. ಸರಕಾರದ ನೇರ ಜಮೆ ಹೋಗುವುದು ಆಧಾರ್‌ಗೆ ಕೊನೆಯದಾಗಿ ಜೋಡಿಸಿದ ಒಂದೇ ಖಾತೆಗೆ. ಪುಣೆಯಲ್ಲಿ ಹೊಸ ಖಾತೆ ತೆರೆದಾಗ ಜೋಡಣೆ ಬದಲಾಗಿರಬಹುದು, ಹಳೆಯ ಶಾಲೆಯ ಖಾತೆಯಲ್ಲೇ ಉಳಿದಿರಬಹುದು. ಮೈ ಆಧಾರ್ ಜಾಲತಾಣದಲ್ಲಿ ಬ್ಯಾಂಕ್ ಸೀಡಿಂಗ್ ಸ್ಥಿತಿ ನೋಡಿದರೆ ಯಾವ ಬ್ಯಾಂಕು ಎಂದು ಕಾಣುತ್ತದೆ.

ಇಷ್ಟೆಲ್ಲ ಗೊತ್ತಿದ್ದವರೂ ಸೋಲುವುದು ಕೇಳುವ ರೀತಿಯಲ್ಲಿ. ‘ಏನಾದರೂ ತೊಂದರೆ ಇದೆಯೇನಪ್ಪ’ ಎಂದರೆ ‘ಏನಿಲ್ಲ ಸರ್’ ಎಂಬ ಉತ್ತರವೇ ಬರುತ್ತದೆ. ಹಸಿದಿದ್ದೇನೆ ಎಂದು ಹದಿನೆಂಟರ ಹುಡುಗ ಬಾಯಿಬಿಟ್ಟು ಹೇಳಲಾರ. ಹುಡುಗಿ ಅಂತೂ ಹೇಳಲೇ ಆರಳು. ಸಂಘಕ್ಕೆ ಹೆಸರು ಕೊಡುವ ಎಲ್ಲ ವಿದ್ಯಾರ್ಥಿಗಳಿಗೂ, ಉಳ್ಳವರಿಗೂ ಇಲ್ಲದವರಿಗೂ, ಒಂದೇ ನಮೂನೆ ಕೊಡಿ. ಅದರಲ್ಲಿ ನೇರವಾಗಿ ಕೇಳಿ: ಕಳೆದ 30 ದಿನಗಳಲ್ಲಿ ಹಣ ಸಾಲದೆ ಊಟ ಬಿಟ್ಟದ್ದುಂಟೆ? ಮುಂದಿನ ತಿಂಗಳು ಮಲಗುವ ಜಾಗ ಖಚಿತವಿದೆಯೆ? ಬರಹದಲ್ಲಿ ಜನ ನಿಜ ಬರೆಯುತ್ತಾರೆ. ನೆರವು ಕೊಡುವಾಗ ಮೆಸ್ಸಿನವರಿಗೇ ನೇರ ಕಟ್ಟಿ, ಎಲ್ಲರ ಕೈಯಲ್ಲಿರುವಂಥದೇ ಕಾರ್ಡು ಅವನ ಕೈಯಲ್ಲೂ ಇರುವಂತೆ ನೋಡಿಕೊಳ್ಳಿ. ಬಡವರ ಕಾರ್ಡು ಬೇರೆ ಬಣ್ಣದಲ್ಲಿದ್ದರೆ ಅವನು ಉಪವಾಸ ಇದ್ದಾನೇ ಹೊರತು ಆ ಬಾಗಿಲಿಗೆ ಹೋಗುವುದಿಲ್ಲ. ಚೆಕ್ಕು ಹಿಡಿಸಿ ಫೋಟೋ ತೆಗೆಯುವುದನ್ನು ದಯವಿಟ್ಟು ನಿಲ್ಲಿಸೋಣ. ಶೇಕಡಾ ತೊಂಬತ್ತು ತೆಗೆದವರಿಗೆ ಶಾಲು ಹೊದಿಸುವುದು ಸಂತೋಷದ ಕೆಲಸವೇ. ಆದರೆ ಐವತ್ತೈದು ತೆಗೆದು, ರಾತ್ರಿ ಡೆಲಿವರಿ ಕೆಲಸ ಮಾಡಿ, ಹಗಲು ತರಗತಿಯಲ್ಲಿ ತೂಕಡಿಸುವವನಿಗೆ ನಾವು ಹೆಚ್ಚು ಬೇಕು.

ಮುಂಬಯಿಯ ಲೆಕ್ಕ ಸ್ವಲ್ಪ ಬೇರೆ. ಅಲ್ಲಿ ಕೋಣೆ ದೂರದಲ್ಲಿ ಸಿಕ್ಕರೂ ಲೋಕಲ್ ರೈಲು ಕೈಹಿಡಿಯುತ್ತದೆ. ಕಾಲೇಜಿನಿಂದ ರಿಯಾಯಿತಿ ಪತ್ರ ಪಡೆದು ವಿದ್ಯಾರ್ಥಿ ಪಾಸು ಮಾಡಿಸಿದರೆ ಡೊಂಬಿವಲಿ, ಕಲ್ಯಾಣದ ಕಡೆ ಇರುವುದು ಸಾಧ್ಯವಾಗುತ್ತದೆ. ಕಾಯಿಲೆಗೆ ಅಲ್ಲಿ ಕೆಇಎಂ, ಸಾಯನ್, ನಾಯರ್ ಆಸ್ಪತ್ರೆಗಳಿವೆ, ಪುಣೆಯಲ್ಲಿ ಸಸೂನ್ ಇದೆ. ಎರಡೂ ಊರಿನ ಜನೌಷಧಿ ಅಂಗಡಿಗಳಲ್ಲಿ ಸುವಿಧಾ ಪ್ಯಾಡು ಒಂದಕ್ಕೆ 1 ರೂಪಾಯಿ. ದುಡ್ಡಿನ ಚಿಂತೆಗೆ ನಿದ್ದೆ ಬಾರದ, ಬದುಕೇ ಬೇಡವೆನಿಸುವ ರಾತ್ರಿಗಳಿಗೆ ಟೆಲಿ ಮಾನಸ್ ಇದೆ. 14416ಕ್ಕೆ ಕರೆ ಮಾಡಿದರೆ ಹಗಲಿರುಳೂ ಉಚಿತವಾಗಿ, ಕನ್ನಡದಲ್ಲೇ ಮಾತಾಡಬಹುದು. ಈ ಸಂಖ್ಯೆಯನ್ನು ಕೋಣೆಯ ಬಾಗಿಲ ಹಿಂದೆ ಬರೆದಿಡಿ.

ಕೊನೆಗೆ ದೀಪಾವಳಿಯ ವಾರ. ಮೆಸ್ಸಿನ ಅಡುಗೆಯವರು ಊರಿಗೆ ಹೋಗುತ್ತಾರೆ, ಡಬ್ಬಿಯವರೂ ಇರುವುದಿಲ್ಲ, ಚಿಕ್ಕ ಹೋಟೆಲುಗಳೂ ಮುಚ್ಚಿರುತ್ತವೆ. ಬಸ್ಸಿನ ಖರ್ಚು ತಾಳದೆಯೋ, ರಜೆಯಲ್ಲಿ ನಾಲ್ಕು ಕಾಸು ದುಡಿಯಲೆಂದೋ ಕೋಣೆಯಲ್ಲೇ ಉಳಿಯುವವರು ಇರುತ್ತಾರೆ. ನವರಾತ್ರಿಯಲ್ಲೇ ಉಳಿಯುವವರ ಪಟ್ಟಿ ಮಾಡಿಕೊಂಡು, ಕೋಥರೂಡ, ವಾರಜೆ, ಪಿಂಪರಿ, ನಿಗಡಿಯ ಕನ್ನಡ ಮನೆಗಳಲ್ಲಿ ಯಾವ ದಿನ ಯಾರ ಮನೆ ಎಂದು ಗೊತ್ತುಮಾಡಿ. ಜಾತಿ ಕೇಳದ ಮನೆಗಳನ್ನೇ ಆರಿಸಿ. ಮನೆಗೆ ಇಬ್ಬರಿಗಿಂತ ಕಡಿಮೆ ಕಳಿಸಬೇಡಿ, ಒಬ್ಬನೇ ಹೋದರೆ ಸಂಕೋಚಕ್ಕೆ ಅರ್ಧ ಹೊಟ್ಟೆಯಲ್ಲೇ ಎದ್ದುಬರುತ್ತಾನೆ. ಹೋಗಿಬರುವ ಬಸ್ಸಿನ ಚಾರ್ಜನ್ನು ಪಟ್ಟಿಯ ಜೊತೆಗೇ ಕೊಟ್ಟುಬಿಡಿ. ಮೆಸ್ಸು ಮತ್ತೆ ತೆರೆಯುವ ದಿನವನ್ನು ಅಡುಗೆಯವರು ಊರಿಗೆ ಹೊರಡುವ ಮೊದಲೇ ಕೇಳಿಟ್ಟುಕೊಳ್ಳಿ. ಹೇಳಿದ್ದಕ್ಕಿಂತ ಎರಡು ದಿನ ತಡವಾಗಿಯೇ ಬರುತ್ತಾರೆ, ಆ ಎರಡು ದಿನಕ್ಕೂ ಮನೆಗಳು ಗೊತ್ತಾಗಿರಲಿ.